ಸೆಣಬು–ಪ್ಲಾಸ್ಟಿಕ್ ಹಲಗೆ: ಬಲ ಬರುವಂತೆ ಮಾಡುವುದು ಹೇಗೆ, ಬಂದ ಬಲ ಅಳೆಯುವುದು ಹೇಗೆ

ಸೆಣಬಿನ ಒಂದೇ ಒಂದು ಎಳೆ ನಾರನ್ನು ಹಿಡಿದು ಎಳೆದರೆ ಅದು 400ರಿಂದ 800 ಮೆಗಾಪಾಸ್ಕಲ್‌ವರೆಗೆ ತಡೆಯುತ್ತದೆ (ಒಂದು ಮೆಗಾಪಾಸ್ಕಲ್ ಎಂದರೆ ಚದರ ಮಿ.ಮೀ.ಗೆ ಒಂದು ನ್ಯೂಟನ್ ಬಲ). ಬರೀ ಎಪಾಕ್ಸಿ ರೆಸಿನ್, ಅಂದರೆ ದ್ರವವಾಗಿದ್ದು ಆಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್, ತಡೆಯುವುದು 60–70ರ ಆಸುಪಾಸು. ಇವೆರಡನ್ನೂ ಸೇರಿಸಿ ಹಲಗೆ ಮಾಡಿದರೆ ಬಲ ಏರಲೇಬೇಕು ಅಲ್ಲವೇ? ಆದರೆ ಮೊದಲ ಸಲ ಮಾಡಿದ ಹಲಗೆ 40ಕ್ಕೇ ಮುರಿದು ಬೀಳುವುದು ಅಪರೂಪವೇನಲ್ಲ. ಹಾಕಿದ ನಾರೆಲ್ಲ ಬಲ ಕೊಡುವ ಬದಲು ಬಿರುಕಿಗೆ ದಾರಿ ಮಾಡಿಕೊಟ್ಟಿರುತ್ತದೆ.

ನಾರಿನ ಬಲ ಪ್ಲಾಸ್ಟಿಕ್‌ಗೆ ದಾಟುವುದು ಎರಡೂ ಮುಟ್ಟುವ ಮೇಲ್ಮೈಯಲ್ಲಿ. ಆ ಹಿಡಿತ ಸಡಿಲವಾಗಿದ್ದರೆ ಎಷ್ಟೇ ಒಳ್ಳೆಯ ನಾರು ತಂದರೂ ದಂಡ. ಹಿಡಿತವನ್ನು ಕೆಡಿಸುವ ಮುಖ್ಯ ಶತ್ರು ನೀರು. ಅದರ ಹಿಂದೆ ಎಣ್ಣೆ, ಸಿಕ್ಕಿಬಿದ್ದ ಗಾಳಿ, ಮಿತಿ ಮೀರಿದ ಕಾವು ಬರುತ್ತವೆ. ಕೆಳಗಿನ ಬಹುಪಾಲು ಕೆಲಸ ಈ ನಾಲ್ಕನ್ನು ದೂರ ಇಡುವ ಕೆಲಸವೇ.

ನಾರಿನ ಆಯ್ಕೆ

ಗಿಡದ ನಾರಿನಲ್ಲಿ ಭಾರ ಹೊರುವುದು ಸೆಲ್ಯುಲೋಸ್‌ನ ಸೂಕ್ಷ್ಮ ಎಳೆಗಳು. ಅವು ನಾರಿನ ಉದ್ದಕ್ಕೆ ನೇರವಾಗಿ ಮಲಗಿದಷ್ಟೂ ನಾರು ಬಿಗಿ. ಸ್ಪ್ರಿಂಗಿನಂತೆ ಸುರುಳಿ ಸುತ್ತಿದಷ್ಟೂ ಅದು ಹಿಗ್ಗುತ್ತದೆ. ಸೆಣಬಿನಲ್ಲಿ ಈ ಸುರುಳಿಯ ಕೋನ ಸುಮಾರು 8 ಡಿಗ್ರಿ, ತೆಂಗಿನ ನಾರಿನಲ್ಲಿ 40 ಡಿಗ್ರಿಗೂ ಮೇಲೆ. ಹಾಗಾಗಿ ಸೆಣಬು ಒಂದೂವರೆ ಶೇಕಡಾ ಹಿಗ್ಗುವಷ್ಟರಲ್ಲಿ ತುಂಡಾದರೆ, ತೆಂಗಿನ ನಾರು 15ರಿಂದ 30 ಶೇಕಡಾವರೆಗೂ ಹಿಗ್ಗುತ್ತದೆ, ಆದರೆ 130–220 ಮೆಗಾಪಾಸ್ಕಲ್‌ಗೇ ಸೋಲುತ್ತದೆ. ಪೆಟ್ಟು ತಡೆಯಬೇಕಾದ ವಸ್ತುವಿಗೆ ತೆಂಗಿನ ನಾರು ಸರಿ. ಬಾಗದೆ ನಿಲ್ಲಬೇಕಾದ ಹಲಗೆಗೆ ಸೆಣಬು, ಅಗಸೆ, ಕತ್ತಾಳೆ ನಾರುಗಳೇ ಬೇಕು.

ಗಾಜಿನ ನಾರಿನ ಜೊತೆ ಹೋಲಿಸುವಾಗ ಉತ್ಪ್ರೇಕ್ಷೆ ಬೇಡ. ಗಾಜಿನ ನಾರಿನ ಬಲ 2000 ಮೆಗಾಪಾಸ್ಕಲ್‌ಗಿಂತ ಹೆಚ್ಚು, ಗಿಡದ ನಾರು ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಗಾಜಿನ ಸಾಂದ್ರತೆ ಘನ ಸೆಂ.ಮೀ.ಗೆ 2.55 ಗ್ರಾಂ, ಸೆಣಬಿನದು ಸುಮಾರು 1.4. ಅಷ್ಟೇ ತೂಕಕ್ಕೆ ಹೆಚ್ಚು ದಪ್ಪದ ಹಲಗೆ ಸಿಗುತ್ತದೆ, ದಪ್ಪ ಏರಿದರೆ ಬಿಗಿತ ಅದರ ಘನದ ಲೆಕ್ಕದಲ್ಲಿ ಏರುತ್ತದೆ. ಕಾರಿನ ಬಾಗಿಲ ಒಳಹಲಗೆಯಂಥ, ಬಾಗದಿದ್ದರೆ ಸಾಕು ಎನ್ನುವ ಕಡೆ ಗಿಡದ ನಾರು ಗೆಲ್ಲುವುದು ಇದರಿಂದ. 1957ರಿಂದ ಪೂರ್ವ ಜರ್ಮನಿಯಲ್ಲಿ ತಯಾರಾದ ಟ್ರಾಬಾಂಟ್ ಕಾರಿನ ಹೊರಮೈ ಹಲಗೆಗಳು ಹತ್ತಿಯ ನಾರು ಮತ್ತು ಫೀನಾಲಿಕ್ ರೆಸಿನ್‌ನವು. ನಗೆಚಾಟಿಕೆಗೆ ಗುರಿಯಾದ ಕಾರೇನೋ ಹೌದು, ಆದರೆ ಆ ಹಲಗೆಗಳಿಗೆ ತುಕ್ಕು ಹಿಡಿಯಲಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನೇಯ್ದ ಸೆಣಬಿನ ಬಟ್ಟೆ ಮತ್ತು ಎಪಾಕ್ಸಿ. ಅಳತೆ 300 × 300 × 4 ಮಿ.ಮೀ.

ಅಳತೆಯ ಲೆಕ್ಕ

ಹಲಗೆಯ ಗಾತ್ರ 360 ಘನ ಸೆಂ.ಮೀ. ಅದರಲ್ಲಿ 30 ಶೇಕಡಾದ ಸುತ್ತಮುತ್ತ ನಾರಿರಲಿ. 20ಕ್ಕಿಂತ ಕೆಳಗಿಳಿದರೆ ಬಲ ಕಾಣುವುದಿಲ್ಲ. 40 ದಾಟಿಸಲು ಹೋದರೆ, ಭಾರಿ ಪ್ರೆಸ್ ಇಲ್ಲದೆ ರೆಸಿನ್ ಎಲ್ಲ ಎಳೆಗೂ ತಲುಪುವುದಿಲ್ಲ.

ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆಯಾದರೆ ಒಂದು ಪದರ 27 ಗ್ರಾಂ. ಆರು ಪದರಕ್ಕೆ 162 ಗ್ರಾಂ, 1.4ರಿಂದ ಭಾಗಿಸಿದರೆ ಸುಮಾರು 116 ಘನ ಸೆಂ.ಮೀ., ಅಂದರೆ ಗಾತ್ರದ 32 ಶೇಕಡಾ. ಉಳಿದ 244 ಘನ ಸೆಂ.ಮೀ. ರೆಸಿನ್. ಗಟ್ಟಿಯಾದ ಎಪಾಕ್ಸಿಯ ಸಾಂದ್ರತೆ 1.15 ಎಂದು ಹಿಡಿದರೆ 281 ಗ್ರಾಂ. ಬ್ರಷ್‌ಗೆ, ಡಬ್ಬಿಗೆ ಅಂಟಿ ಹೋಗುವುದಕ್ಕೆ, ಅಂಚಿನಿಂದ ಹರಿದು ಹೋಗುವುದಕ್ಕೆ 15 ಶೇಕಡಾ ಸೇರಿಸಿ 325 ಗ್ರಾಂ ಕಲಸಿ. ರೆಸಿನ್ ಅನ್ನು ಗಟ್ಟಿಯಾಗಿಸುವ ಹಾರ್ಡನರ್ ಪ್ರಮಾಣ 100ಕ್ಕೆ 10 ಇರುವ ಬಗೆಯಾದರೆ ರೆಸಿನ್ 295 ಗ್ರಾಂ, ಹಾರ್ಡನರ್ 30 ಗ್ರಾಂ. ಬೇರೆ ಬಗೆಯಾದರೆ ಡಬ್ಬಿಯ ಮೇಲೆ ಅಚ್ಚಾದ ಪ್ರಮಾಣವೇ ಪ್ರಮಾಣ. ತೂಕಮಾಪಕ ಒಂದು ಗ್ರಾಂ ನಿಖರತೆಯದಾದರೂ ಇರಬೇಕು. ಕಣ್ಣಂದಾಜಿನಲ್ಲಿ ಹಾರ್ಡನರ್ ಸುರಿದರೆ ಹಲಗೆ ಅಂಟಂಟಾಗಿಯೋ ಪೆಡಸಾಗಿಯೋ ಉಳಿಯುತ್ತದೆ, ಆಮೇಲೆ ತಪ್ಪು ನಾರಿನದೋ ರೆಸಿನ್‌ನದೋ ಎಂದು ಹೇಳಲು ಬರುವುದಿಲ್ಲ.

ಒಂದು ಎಚ್ಚರಿಕೆ: ಈ ಲೆಕ್ಕದಲ್ಲಿ ಹಾಕಬೇಕಾದ್ದು ತೊಳೆದು ಒಣಗಿಸಿದ ಬಟ್ಟೆಯ ತೂಕ. ಕಾಸ್ಟಿಕ್ ಸೋಡಾದಲ್ಲಿ ನೆನೆದ ಬಟ್ಟೆ ಕುಗ್ಗಿ ದಟ್ಟವಾಗುತ್ತದೆ, ಜೊತೆಗೆ ಸ್ವಲ್ಪ ತೂಕವನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು 350 ಮಿ.ಮೀ. ಚೌಕಕ್ಕೆ ಕತ್ತರಿಸಿ, ಸಂಸ್ಕರಿಸಿ, ಆಮೇಲೆ 300ಕ್ಕೆ ಅಳೆದು ಕತ್ತರಿಸಿ, ಮತ್ತೆ ತೂಗಿ.

ತೊಳೆಯುವುದು ಮತ್ತು ಒಣಗಿಸುವುದು

ಬಲದ ಅರ್ಧ ಭವಿಷ್ಯ ಇಲ್ಲೇ ತೀರ್ಮಾನವಾಗುತ್ತದೆ. ಬೇಸರದ ಕೆಲಸವೆಂದು ಹಾರಿಸಿ ಹೋಗುವುದೂ ಇದನ್ನೇ.

ಮಿಲ್ಲಿನಿಂದ ಬಂದ ಗೋಣಿ ಬಟ್ಟೆಯಲ್ಲಿ ಎಣ್ಣೆ ಇರುತ್ತದೆ. ನೂಲುವ ಮುನ್ನ ನಾರು ಮೆತ್ತಗಾಗಲಿ ಎಂದು ಎಣ್ಣೆ–ನೀರಿನ ಮಿಶ್ರಣ ಚಿಮುಕಿಸುವುದು ಸೆಣಬಿನ ಮಿಲ್ಲುಗಳ ರೂಢಿ. ಗೋಣಿಚೀಲದ ಆ ಪರಿಚಿತ ವಾಸನೆಯಲ್ಲಿ ಇದರ ಪಾಲೂ ಇದೆ. ಎಣ್ಣೆ ಸವರಿದ ಎಳೆಗೆ ರೆಸಿನ್ ಅಂಟುವುದಿಲ್ಲ. 60 ಡಿಗ್ರಿ ಬಿಸಿನೀರಿಗೆ ಲೀಟರಿಗೆ 5 ಗ್ರಾಂ ಡಿಟರ್ಜೆಂಟ್ ಹಾಕಿ, ಅರ್ಧ ಗಂಟೆ ನೆನೆಸಿ, ನೊರೆ ನಿಲ್ಲುವವರೆಗೆ ಜಾಲಿಸಿ.

ಇನ್ನು ಕ್ಷಾರ. ನಾರಿನ ಮೇಲೆ ಮೇಣ, ಪೆಕ್ಟಿನ್, ಹೆಮಿಸೆಲ್ಯುಲೋಸ್ ಮೆತ್ತಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಇವನ್ನು ಕರಗಿಸಿ ಮೇಲ್ಮೈಯನ್ನು ಒರಟಾಗಿಸುತ್ತದೆ, ದಪ್ಪ ಕಟ್ಟಿನ ನಾರನ್ನು ಸಣ್ಣ ಎಳೆಗಳಾಗಿ ಸೀಳುತ್ತದೆ. ರೆಸಿನ್‌ಗೆ ಹಿಡಿದುಕೊಳ್ಳಲು ಹೆಚ್ಚು ಜಾಗ ಸಿಗುತ್ತದೆ.

ಆರು ಪದರಕ್ಕೆ ಸುಮಾರು 4 ಲೀಟರ್ ದ್ರಾವಣ ಬೇಕು. 5 ಶೇಕಡಾ ಎಂದರೆ 200 ಗ್ರಾಂ ಕಾಸ್ಟಿಕ್ ಸೋಡಾ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ದಪ್ಪ ಪ್ಲಾಸ್ಟಿಕ್‌ನದಿರಲಿ. ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ, ಹೈಡ್ರೋಜನ್ ಅನಿಲ ಹೊರಡುತ್ತದೆ. ನೀರಿಗೆ ಸೋಡಾ ಹಾಕಬೇಕು, ಸ್ವಲ್ಪ ಸ್ವಲ್ಪವೇ, ಕಲಕುತ್ತಾ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ರಬ್ಬರ್ ಕೈಗವಸು, ಕಣ್ಣಿಗೆ ಗಾಗಲ್ ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯಬೇಡಿ.

ದ್ರಾವಣ ತಣ್ಣಗಾದ ಮೇಲೆ ಬಟ್ಟೆ ಮುಳುಗಿಸಿ 2 ಗಂಟೆ ಬಿಡಿ, ನಡುನಡುವೆ ತಿರುವಿ ಹಾಕಿ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಲಾಭ ಎಂದುಕೊಂಡು 15 ಶೇಕಡಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದರೆ ಕ್ಷಾರ ಸೆಲ್ಯುಲೋಸ್‌ಗೇ ಕೈ ಹಾಕುತ್ತದೆ. ಹಿಡಿತ ಚೆನ್ನಾಗಿರುತ್ತದೆ, ಹಿಡಿಯಲು ಗಟ್ಟಿ ನಾರೇ ಇರುವುದಿಲ್ಲ. ಒಣಗಿದ ಮೇಲೆ ಒಂದು ನೂಲನ್ನು ಬೆರಳಿಗೆ ಸುತ್ತಿ ಎಳೆದು ನೋಡಿ. ಸಂಸ್ಕರಿಸದ ನೂಲಿಗಿಂತ ಎದ್ದು ಕಾಣುವಷ್ಟು ಸುಲಭವಾಗಿ ತುಂಡಾದರೆ ಅತಿಯಾಗಿದೆ ಎಂದೇ ಲೆಕ್ಕ.

ಹೊರತೆಗೆದು ಐದಾರು ಸಲ ನೀರಿನಲ್ಲಿ ಜಾಲಿಸಿ, 1 ಶೇಕಡಾ ಅಸಿಟಿಕ್ ಆಮ್ಲದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಮತ್ತೆ ಜಾಲಿಸಿ. ಕೊನೆಯ ನೀರಿನಲ್ಲಿ ಕೆಂಪು ಲಿಟ್ಮಸ್ ನೀಲಿಗೆ ತಿರುಗಬಾರದು. ಒಂದು ದಿನ ನೆರಳಿನಲ್ಲಿ ಹರವಿ, ಬಳಿಕ 80 ಡಿಗ್ರಿ ಓವನ್‌ನಲ್ಲಿ 6ರಿಂದ 8 ಗಂಟೆ ಇಡಿ. ಕೈಗೆ ಒಣಗಿದಂತೆ ಅನಿಸುವುದು ಒಣಗಿದ್ದಕ್ಕೆ ಪುರಾವೆಯಲ್ಲ. ಗಂಟೆಗೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬಂದರೆ ಒಣಗಿದೆ.

ಒಣಗಿದ ಸೆಣಬು ಗಾಳಿಯಿಂದ ತೇವ ಹೀರಲು ಕಾದಿರುತ್ತದೆ. ಸಾಧಾರಣ ತೇವದ ಗಾಳಿಯಲ್ಲೇ 100 ಗ್ರಾಂ ಒಣ ಸೆಣಬು 12–13 ಗ್ರಾಂ ನೀರು ಕುಡಿಯುತ್ತದೆ. ನಮ್ಮ ಆರು ಪದರದಲ್ಲಿ ಅದು 20 ಗ್ರಾಂ. ಅಷ್ಟು ನೀರನ್ನು ಯಾರೂ ಬೇಕೆಂದೇ ರೆಸಿನ್‌ಗೆ ಸುರಿಯುವುದಿಲ್ಲ, ಆದರೆ ಮೇಜಿನ ಮೇಲೆ ಬಟ್ಟೆ ಹರವಿಟ್ಟು ಊಟಕ್ಕೆ ಹೋದರೆ ಆಗುವುದು ಅದೇ. ಓವನ್‌ನಿಂದ ತೆಗೆದ ಕೂಡಲೇ ದಪ್ಪ ಪಾಲಿಥೀನ್ ಚೀಲದಲ್ಲಿ ಕಟ್ಟಿ, ಬಳಸುವಾಗ ಒಂದೊಂದೇ ಪದರ ಹೊರಗೆ ತೆಗೆಯಿರಿ.

ಹಾಸಿ ಒತ್ತುವುದು

ಎರಡು ಚಪ್ಪಟೆ ಉಕ್ಕಿನ ತಟ್ಟೆ ಬೇಕು, 10 ಮಿ.ಮೀ.ಗಿಂತ ತೆಳ್ಳಗಿರಬಾರದು, ತೆಳ್ಳಗಿದ್ದರೆ ಬೋಲ್ಟ್ ಬಿಗಿದಾಗ ನಡುವೆ ಉಬ್ಬಿ ಹಲಗೆಯ ಮಧ್ಯಭಾಗ ದಪ್ಪವಾಗುತ್ತದೆ. ಅಂಚಿನಲ್ಲಿ 4 ಮಿ.ಮೀ. ದಪ್ಪದ ಪಟ್ಟಿಗಳು, ಸುತ್ತ ಎಂಟು ಬೋಲ್ಟ್. ಹಲಗೆ ಅಂಟದಿರಲೆಂದು ತಟ್ಟೆಗೆ ಮೇಣದ ರಿಲೀಸ್ ಮೂರು ಸಲ ಹಚ್ಚಿ ಒರೆಸಿ, ಇಲ್ಲವೇ ಪಾಲಿಯೆಸ್ಟರ್ ಫಿಲ್ಮ್ ಹಾಸಿ. ಬರೀ ಇಟ್ಟಿಗೆ, ಕಲ್ಲು ಹೇರಿದರೆ ಸಾಲದು. 50 ಕಿಲೋ ಹೇರಿದರೂ ಈ ಅಳತೆಯ ಹಲಗೆಗೆ ಬೀಳುವ ಒತ್ತಡ 0.0055 ಮೆಗಾಪಾಸ್ಕಲ್ ಅಷ್ಟೇ; ಉಬ್ಬಿಕೊಂಡಿರುವ ಸೆಣಬಿನ ಬಟ್ಟೆ ಅದಕ್ಕೆ ಜಗ್ಗುವುದಿಲ್ಲ.

ರೆಸಿನ್ ಮತ್ತು ಹಾರ್ಡನರ್ ಕಲಸುವಾಗ ಮೂರು ನಿಮಿಷ ನಿಧಾನವಾಗಿ ತಿರುವಿ, ಡಬ್ಬಿಯ ಗೋಡೆ ಮತ್ತು ತಳ ಕೆರೆದು ಸೇರಿಸಿ. ಕಲಸಿದ ತಕ್ಷಣ ಅಗಲವಾದ ಟ್ರೇಗೆ ಸುರಿಯಿರಿ. 325 ಗ್ರಾಂ ಎಪಾಕ್ಸಿ ಲೋಟದಲ್ಲೇ ಕುಳಿತರೆ ತನ್ನ ಕಾವಿಗೆ ತಾನೇ ಬಿಸಿಯಾಗಿ ಹೊಗೆಯಾಡುತ್ತಾ ಗಟ್ಟಿಯಾಗುತ್ತದೆ.

ಮೊದಲು ತಟ್ಟೆಯ ಮೇಲೆ ರೆಸಿನ್, ಆಮೇಲೆ ಬಟ್ಟೆ. ಬಟ್ಟೆಯ ಕೆಳಗಿನಿಂದ ರೆಸಿನ್ ಮೇಲಕ್ಕೆ ಬಂದರೆ ಗಾಳಿ ಮುಂದೆ ಮುಂದೆ ತಳ್ಳಿಕೊಂಡು ಹೊರಬೀಳುತ್ತದೆ. ಮೇಲಿನಿಂದ ಸುರಿದರೆ ನೂಲಿನೊಳಗೇ ಸಿಕ್ಕಿಬೀಳುತ್ತದೆ. ಬಟ್ಟೆಯ ತಿಳಿ ಬಣ್ಣ ಜೇನಿನ ಕಂದಾಗುವವರೆಗೆ ರೋಲರ್ ಆಡಿಸಿ. ಎಲ್ಲಾದರೂ ತಿಳಿ ಮಚ್ಚೆ ಉಳಿದಿದ್ದರೆ ಅಲ್ಲಿ ರೆಸಿನ್ ತಲುಪಿಲ್ಲ. ಎಲ್ಲ ಪದರಗಳ ಹಾಸು (ಬಟ್ಟೆಯ ಉದ್ದಕ್ಕೆ ಹೋಗುವ ನೂಲು; ಅಡ್ಡ ನೂಲು ಹೊಕ್ಕು) ಒಂದೇ ದಿಕ್ಕಿಗಿರಲಿ, ಮೂಲೆಯಲ್ಲಿ ಬಾಣದ ಗುರುತು ಹಾಕಿಡಿ. ಹಾಸಿನ ಕಡೆಗೂ ಹೊಕ್ಕಿನ ಕಡೆಗೂ ಬಲ ಬೇರೆ ಬೇರೆ. 45 ಡಿಗ್ರಿಗೆ ಕತ್ತರಿಸಿದರಂತೂ ಭಾರ ಹೊರಲು ನೇರ ಎಳೆಯೇ ಇರುವುದಿಲ್ಲ. ಗುರುತಿಲ್ಲದ ಹಲಗೆಯ ಅಂಕಿಗೆ ಅರ್ಥವಿಲ್ಲ.

ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಂಚಿನಿಂದ ಬರುವ ರೆಸಿನ್‌ನಲ್ಲಿ ಗುಳ್ಳೆ ನಿಂತ ಮೇಲೆ ತಟ್ಟೆಗಳು ಪಟ್ಟಿಗೆ ತಾಗುವವರೆಗೆ ಒತ್ತಿ. ಕೋಣೆಯ ಉಷ್ಣತೆಯಲ್ಲಿ 24 ಗಂಟೆ, ನಂತರ 80 ಡಿಗ್ರಿಯಲ್ಲಿ 3 ಗಂಟೆ.

ಎಪಾಕ್ಸಿ ಬದಲು ಪಾಲಿಯೆಸ್ಟರ್ ರೆಸಿನ್ ಬಳಸುವವರು ಒಂದು ಮಾತು ನೆನಪಿಡಬೇಕು: ರೆಸಿನ್ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಎಂಇಕೆಪಿ (ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್) ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ 1–2 ಶೇಕಡಾ ಎಂಇಕೆಪಿ ಹಾಕಿ.

ತಣಿದ ಮೇಲೆ ಅಂಚು ಕತ್ತರಿಸಿ 300ಕ್ಕೆ 300 ಮಾಡಿ ತೂಗಿ. ಲೆಕ್ಕದ ಪ್ರಕಾರ 443 ಗ್ರಾಂ ಇರಬೇಕು, ಸಾಂದ್ರತೆ 1.23. ಅಳೆದಾಗ 1.17 ಬಂದರೆ ಸುಮಾರು 5 ಶೇಕಡಾ ಜಾಗ ಬರೀ ಗಾಳಿ. ಅಂಥ ಹಲಗೆಯಿಂದ ಬಲ ನಿರೀಕ್ಷಿಸಬೇಡಿ; ಗಾಳಿ 3 ಶೇಕಡಾದೊಳಗಿದ್ದರೆ ಮುಂದುವರಿಯಿರಿ.

ಬಲ ಅಳೆಯುವುದು

ಎಳೆದು ನೋಡಲು ಯಂತ್ರ ಬೇಕು. ಎಎಸ್‌ಟಿಎಂ ಡಿ 3039 ಎಂಬ ಪರೀಕ್ಷಾ ಮಾನದಂಡದ ಪ್ರಕಾರ 250 × 25 ಮಿ.ಮೀ. ಪಟ್ಟಿ, ನಿಮಿಷಕ್ಕೆ 2 ಮಿ.ಮೀ. ವೇಗ. ಹಿಡಿಕೆಯ ಜಾಗದಲ್ಲೇ ಮುರಿದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ತುದಿಗೆ ಗಾಜಿನ ನಾರಿನ ಹಲಗೆಯ ತುಂಡು ಅಂಟಿಸಿದರೆ ಈ ತೊಂದರೆ ತಗ್ಗುತ್ತದೆ.

ಬಾಗಿಸಿ ನೋಡಲು ಯಂತ್ರವಿಲ್ಲದೆಯೂ ಆಗುತ್ತದೆ. ಹಾಸಿನ ದಿಕ್ಕಿಗೆ 80 ಮಿ.ಮೀ. ಉದ್ದ, 15 ಅಗಲದ ಪಟ್ಟಿಗಳನ್ನು ಕತ್ತರಿಸಿ. ಪ್ಲಾಸ್ಟಿಕ್‌ಗಳಿಗಾಗಿ ಇರುವ ಐಎಸ್‌ಒ 178 ಮಾನದಂಡದ ಪಟ್ಟಿಯ ಅಗಲ 10 ಮಿ.ಮೀ. ಮಾತ್ರ. ಆದರೆ ಗೋಣಿ ಬಟ್ಟೆಯಲ್ಲಿ ಸೆಂ.ಮೀ.ಗೆ ನಾಲ್ಕೈದು ನೂಲು; ಒಂದು ನೂಲು ಗರಗಸಕ್ಕೆ ಸಿಕ್ಕಿ ಹೋದರೂ ಅಂಕಿ ಏರುಪೇರಾಗುತ್ತದೆ. 15 ಇದ್ದರೆ ಆ ಏರುಪೇರು ಕಡಿಮೆ. 64 ಮಿ.ಮೀ. ಅಂತರದ ಎರಡು ದುಂಡು ಸರಳಿನ ಮೇಲೆ ಪಟ್ಟಿ ಇಟ್ಟು, ನಟ್ಟನಡುವಿನಿಂದ ಬಕೆಟ್ ತೂಗುಹಾಕಿ ಮರಳು ಸುರಿಯುತ್ತಾ ಹೋಗಿ. ಡಯಲ್ ಗೇಜಿನಲ್ಲಿ ಬಾಗಿದ ಅಳತೆ ಬರೆದುಕೊಳ್ಳಿ. ಮುರಿಯುವಾಗ ಬಕೆಟ್ ಧೊಪ್ಪನೆ ಬೀಳುತ್ತದೆ, ಕಾಲು ದೂರವಿರಲಿ.

ಲೆಕ್ಕ ಹೀಗೆ: ಭಾರವನ್ನು ನ್ಯೂಟನ್‌ನಲ್ಲಿ ತೆಗೆದುಕೊಂಡು ಅಂತರದಿಂದ ಗುಣಿಸಿ, ಮೂರರಿಂದ ಗುಣಿಸಿ. ಬಂದದ್ದನ್ನು ಅಗಲದ ಎರಡರಷ್ಟು ಗುಣಿಸು ದಪ್ಪದ ವರ್ಗದಿಂದ ಭಾಗಿಸಿ. 20 ಕಿಲೋಗೆ, ಅಂದರೆ 196 ನ್ಯೂಟನ್‌ಗೆ ಮುರಿದಿದ್ದರೆ: 3 × 196 × 64 ಭಾಗಿಸು 2 × 15 × 16, ಉತ್ತರ ಸುಮಾರು 78 ಮೆಗಾಪಾಸ್ಕಲ್. ಬಿಗಿತಕ್ಕೆ, ಭಾರ ಏರಿದಂತೆ ಪಟ್ಟಿ ಎಷ್ಟು ಬಾಗಿತು ಎಂಬ ಗೆರೆ ಎಳೆದು, ಅದರ ಶುರುವಿನ ನೇರ ಭಾಗವನ್ನು ನೋಡಿ. ಒಂದು ಮಿ.ಮೀ. ಬಾಗಲು 60 ನ್ಯೂಟನ್ ಹಿಡಿದರೆ, ಅಂತರದ ಘನವನ್ನು 60ರಿಂದ ಗುಣಿಸಿ, ನಾಲ್ಕು ಪಟ್ಟು ಅಗಲ ಗುಣಿಸು ದಪ್ಪದ ಘನದಿಂದ ಭಾಗಿಸಿದರೆ 4096 ಮೆಗಾಪಾಸ್ಕಲ್, ಅಂದರೆ 4.1 ಗಿಗಾಪಾಸ್ಕಲ್.

ಇದು ಸಾಕೇ? ಹೋಲಿಸಲು ಒಂದು ಅಂದಾಜು ಮಾಡಿಕೊಳ್ಳಿ. ಸೆಣಬಿನ ಬಿಗಿತ 20 ಗಿಗಾಪಾಸ್ಕಲ್, ಎಪಾಕ್ಸಿಯದು 3 ಎಂದು ಹಿಡಿಯೋಣ. ನೇಯ್ದ ಬಟ್ಟೆಯಲ್ಲಿ ಅರ್ಧ ನಾರು ಮಾತ್ರ ಎಳೆತದ ದಿಕ್ಕಿಗಿರುತ್ತದೆ: 0.5 × 0.32 × 20 ಕೂಡಿಸು 0.68 × 3, ಒಟ್ಟು 5.2. ನೂಲು ಅಂಕುಡೊಂಕಾಗಿ ಹಾದುಹೋಗುವುದರಿಂದ 4ರಿಂದ 5ರೊಳಗೆ ಬಂದರೆ ತೃಪ್ತಿಪಡಬಹುದು. 3ಕ್ಕಿಂತ ಕೆಳಗೆ ಬಂದರೆ ನಾರು ಕೆಲಸವನ್ನೇ ಮಾಡಿಲ್ಲ.

ಐದು ಪಟ್ಟಿಯನ್ನಾದರೂ ಮುರಿಯಿರಿ. ಒಂದೇ ಗಿಡದ ಬುಡದ ನಾರಿಗೂ ತುದಿಯ ನಾರಿಗೂ ವ್ಯತ್ಯಾಸ ಇರುತ್ತದೆ. ಸರಾಸರಿಯ ಜೊತೆಗೆ ಅತಿ ಕಡಿಮೆ ಬಂದ ಅಂಕಿಯನ್ನೂ ಬರೆದಿಡಿ. ಹಲಗೆ ಬಳಕೆಯಲ್ಲಿ ಮುರಿಯುವುದು ಸರಾಸರಿಯ ಜಾಗದಲ್ಲಲ್ಲ.

ಮುರಿದ ಮುಖ ಓದುವುದು

ಮುರಿದ ತುಂಡನ್ನು ಎಸೆಯಬೇಡಿ, ಅಂಕಿಗಿಂತ ಹೆಚ್ಚಿನ ಸುದ್ದಿ ಅದರಲ್ಲಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಓರೆ ಬೆಳಕಿನಲ್ಲಿ ನೋಡಿ.

ಒಂದು ಮುಖದಲ್ಲಿ ಗಡ್ಡದಂತೆ ಉದ್ದುದ್ದ ನಾರು ಚಾಚಿಕೊಂಡಿದೆ, ಎದುರಿನ ಮುಖದಲ್ಲಿ ನಯವಾದ ದುಂಡು ತೂತುಗಳಿವೆ, ನಾರಿನ ಮೈ ಬೋಳಾಗಿದೆ: ಹಿಡಿತವಿಲ್ಲದೆ ನಾರು ಕಿತ್ತು ಬಂದಿದೆ. ಎಣ್ಣೆ ಹೋಗಿಲ್ಲ, ಇಲ್ಲವೇ ತೇವ ಉಳಿದಿತ್ತು. ಚಾಚಿದ ನಾರಿಗೆ ರೆಸಿನ್‌ನ ಚೂರುಗಳು ಅಂಟಿಕೊಂಡಿದ್ದು, ಉದ್ದ ಅರ್ಧ ಮಿ.ಮೀ.ನಷ್ಟಿದ್ದರೆ ಹಿಡಿತ ಚೆನ್ನಾಗಿದೆ. ನೂಲಿನ ನಡುಭಾಗ ಹತ್ತಿಯಂತೆ ಪುಸುಪುಸು ಬಿಚ್ಚಿಕೊಂಡರೆ ರೆಸಿನ್ ನೂಲಿನೊಳಗೆ ಇಳಿದಿಲ್ಲ. ಮುಂದಿನ ಸಲ ಕಡಿಮೆ ಹುರಿಯ ನೂಲಿನ ಬಟ್ಟೆ ಆರಿಸಿ, ಅಥವಾ ರೆಸಿನ್ ಅನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿ ತೆಳುವಾಗಿಸಿ, ಆದರೆ ಆಗ ಗಟ್ಟಿಯಾಗುವ ಮುನ್ನ ಸಿಗುವ ಸಮಯ ಅರ್ಧಕ್ಕಿಳಿಯುತ್ತದೆ. ನಾರೆಲ್ಲ ರೆಸಿನ್ ಮಟ್ಟಕ್ಕೇ ಕತ್ತರಿಸಿದಂತೆ ಮುರಿದು ಅಂಕಿಯೂ ಕಡಿಮೆ ಬಂದಿದ್ದರೆ ನಾರೇ ದುರ್ಬಲ, ಕ್ಷಾರ ಹೆಚ್ಚಾಗಿದೆ.

ಪಾಲಿಪ್ರೊಪಿಲೀನ್ ಜೊತೆಗೆ

ಕರಗಿಸಿ ಅಚ್ಚಿಗೆ ಹಾಕುವ ಪ್ಲಾಸ್ಟಿಕ್‌ನಲ್ಲಿ ಲೆಕ್ಕ ಬೇರೆ. ಗಿಡದ ನಾರು 200 ಡಿಗ್ರಿ ಹತ್ತಿರ ಕೆಡಲು ಶುರುವಾಗುತ್ತದೆ. ಹಾಗಾಗಿ 165 ಡಿಗ್ರಿಯಲ್ಲಿ ಕರಗುವ ಪಾಲಿಪ್ರೊಪಿಲೀನ್ ನಡೆಯುತ್ತದೆ, 260 ಡಿಗ್ರಿ ಬೇಡುವ ನೈಲಾನ್ 66 ನಡೆಯುವುದಿಲ್ಲ. ತಿರುಗುವ ಸ್ಕ್ರೂಗಳಿಂದ ಪ್ಲಾಸ್ಟಿಕ್ ಮತ್ತು ನಾರನ್ನು ಕರಗಿಸಿ ಕಲಸುವ ಯಂತ್ರದಿಂದ (ಎಕ್ಸ್‌ಟ್ರೂಡರ್) ಸುಟ್ಟ ಸಕ್ಕರೆಯಂಥ ವಾಸನೆ ಬಂದು ಬಣ್ಣ ಕಪ್ಪಿಟ್ಟರೆ ಕಾವು ಇಳಿಸಿ. ಸ್ಕ್ರೂ ವೇಗವನ್ನೂ ಇಳಿಸಿ, ಉಜ್ಜಾಟದಿಂದ ಹುಟ್ಟುವ ಬಿಸಿ ಮಾಪಕದಲ್ಲಿ ಕಾಣುವುದಿಲ್ಲ.

ನೀರನ್ನು ಪ್ರೀತಿಸುವ ನಾರಿಗೂ ನೀರನ್ನು ದೂರವಿಡುವ ಪಾಲಿಪ್ರೊಪಿಲೀನ್‌ಗೂ ತಾನಾಗಿ ನಂಟು ಬೆಳೆಯದು. ಮಲೇಯಿಕ್ ಆನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನ್, ಅಂದರೆ ಎಂಎಪಿಪಿ, ಮಧ್ಯಸ್ಥಿಕೆ ವಹಿಸುತ್ತದೆ. ಒಂದು ಕಿಲೋಗೆ ಒಣ ನಾರು 300 ಗ್ರಾಂ, ಎಂಎಪಿಪಿ 30, ಪಾಲಿಪ್ರೊಪಿಲೀನ್ 670. ಎಂಎಪಿಪಿ ಇಲ್ಲದೆ ಬಿಗಿತ ಏರುತ್ತದೆ, ಬಲ ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. 5 ಶೇಕಡಾ ದಾಟಿಸಿದರೆ ದುಡ್ಡು ದಂಡ, ಅದರ ಚಿಕ್ಕ ಸರಪಳಿಗಳು ಪ್ಲಾಸ್ಟಿಕ್ ಅನ್ನೇ ಮೆದುವಾಗಿಸುತ್ತವೆ.

ನಾರಿನ ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಾರಿನ ಬಲವನ್ನು ಅದರ ವ್ಯಾಸದಿಂದ ಗುಣಿಸಿ, ಹಿಡಿತದ ಬಲದ ಎರಡರಷ್ಟರಿಂದ ಭಾಗಿಸಿದರೆ ಕನಿಷ್ಠ ಬೇಕಾದ ಉದ್ದ ಸಿಗುತ್ತದೆ. 500 ಮೆಗಾಪಾಸ್ಕಲ್ ನಾರು, 0.06 ಮಿ.ಮೀ. ವ್ಯಾಸ, ಹಿಡಿತ 5 ಮೆಗಾಪಾಸ್ಕಲ್ ಆದರೆ 3 ಮಿ.ಮೀ. ಹಿಡಿತ 10ಕ್ಕೇರಿದರೆ 1.5 ಸಾಕು. 6 ಮಿ.ಮೀ. ಹಾಕಿದ ನಾರು ಎರಡು ಸ್ಕ್ರೂಗಳ ನಡುವೆ ಸಿಕ್ಕಿ ಅರ್ಧ ಮಿ.ಮೀ.ಗೆ ಪುಡಿಯಾದರೆ ಅದು ಬರೀ ತುಂಬುವ ಪದಾರ್ಥ. ಪಾಲಿಪ್ರೊಪಿಲೀನ್ ಮೊದಲು ಪೂರ್ತಿ ಕರಗಲಿ, ನಾರನ್ನು ಯಂತ್ರದಲ್ಲಿ ಮುಂದೆ ಬರುವ ಬಾಯಿಯಿಂದ ಹಾಕಿ. ಚಪ್ಪಟೆ ವಸ್ತುವಾದರೆ ಈ ಗೊಡವೆಯೇ ಬೇಡ: ಬಟ್ಟೆ ಮತ್ತು ಪಾಲಿಪ್ರೊಪಿಲೀನ್ ಹಾಳೆ ಒಂದರ ಮೇಲೊಂದು ಜೋಡಿಸಿ 185 ಡಿಗ್ರಿಯಲ್ಲಿ 5–10 ನಿಮಿಷ ಒತ್ತಿ, ಒತ್ತಡ ಬಿಡದೆ 80 ಡಿಗ್ರಿಗೆ ತಣಿಸಿ. ಬಿಸಿಯಿರುವಾಗಲೇ ಬಿಚ್ಚಿದರೆ ಬಟ್ಟೆ ಮತ್ತೆ ಉಬ್ಬಿ ಒಳಗೆ ಗಾಳಿ ಎಳೆದುಕೊಳ್ಳುತ್ತದೆ.

ಬಳಕೆಗೆ ಬಂದ ಮೇಲೆ

ಹಲಗೆ ಕತ್ತರಿಸಿದ ಅಂಚಿನಲ್ಲಿ, ಕೊರೆದ ತೂತಿನಲ್ಲಿ ನಾರಿನ ತುದಿ ಬಾಯಿ ತೆರೆದುಕೊಂಡಿರುತ್ತದೆ. ಅದರ ಒಳಗಿನ ಸಣ್ಣ ಕೊಳವೆಗಳ ಮೂಲಕ ನೀರು ಹೀರಿ ನಾರು ಉಬ್ಬುತ್ತದೆ, ಸುತ್ತಲಿನ ರೆಸಿನ್ ಬಿರಿಯುತ್ತದೆ. ಒಣಗಿದಾಗ ನಾರು ಕುಗ್ಗಿ ರೆಸಿನ್‌ನಿಂದ ಬಿಟ್ಟುಕೊಳ್ಳುತ್ತದೆ. ಒದ್ದೆ–ಒಣ ಆವರ್ತಿಸಿದಂತೆಲ್ಲ ಹಿಡಿತ ಸಡಿಲ. ಕತ್ತರಿಸಿದ ಪ್ರತಿ ಅಂಚಿಗೂ ತೂತಿನ ಒಳಮೈಗೂ ಎರಡು ಸಲ ತೆಳು ಎಪಾಕ್ಸಿ ಬಳಿಯಿರಿ. ಬೋಲ್ಟ್ ಹಾಕುವಲ್ಲಿ ಅಗಲ ವಾಷರ್ ಇರಲಿ, ತೂತಿನ ನಡು ಅಂಚಿನಿಂದ ಬೋಲ್ಟ್ ವ್ಯಾಸದ ಮೂರು ಪಟ್ಟಾದರೂ ಒಳಗಿರಲಿ. ಸದಾ ಹೊರುವ ಭಾರ ಮುರಿಯುವ ಬಲದ ಮೂರರಲ್ಲೊಂದನ್ನು ಮೀರದಿರಲಿ. ಹೆಚ್ಚಾದರೆ ಹಲಗೆ ಮುರಿಯದಿದ್ದರೂ ತಿಂಗಳುಗಟ್ಟಲೆ ಜೋತುಬೀಳುತ್ತಾ ಹೋಗುತ್ತದೆ.

ಅಂಚು ಬಳಿದ ಐದು ಪಟ್ಟಿ, ಬಳಿಯದ ಐದು ಪಟ್ಟಿಗಳನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ತೂಗಿ, ಒದ್ದೆಯಿರುವಾಗಲೇ ಅದೇ ಬಕೆಟ್ಟಿನಿಂದ ಮುರಿದು ನೋಡಿ. ಹಲಗೆ ಮಳೆಗೆ ಸಿಗುವ ಜಾಗಕ್ಕೆ ಹೋಗುವುದಾದರೆ ವಿನ್ಯಾಸಕ್ಕೆ ಹಿಡಿಯಬೇಕಾದ್ದು ಆ ಒದ್ದೆ ಪಟ್ಟಿಯ ಅಂಕಿ.